ಮಣ್ಣಿನಲ್ಲಿ ಉಳಿದ ಮರದ ಅರಮನೆ

ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಕೊಂಡಾಡುವ ಆ ಶಾಸನದ ಕಾಲ ಕ್ರಿ. ಶ. ೬೩೪. ಕಲ್ಲಿನಲ್ಲಿ ಕೊರೆದ ಅಕ್ಷರವಾದುದರಿಂದ ಹದಿನಾಲ್ಕು ಶತಮಾನಗಳ ಬಿಸಿಲು ಮಳೆಗಳನ್ನು ದಾಟಿ ಅದು ಇಂದಿಗೂ ಓದುವವರಿಗೆ ದೊರೆಯುತ್ತದೆ. ಸುಮಾರು ಅದೇ ಕಾಲದಲ್ಲಿ ಇಂಗ್ಲೆಂಡಿನ ಉತ್ತರಭಾಗವಾದ ನಾರ್ಥಂಬ್ರಿಯದಲ್ಲಿ ಎಡ್ವಿನ್ ಎಂಬ ದೊರೆ ಆಳುತ್ತಿದ್ದನು. ಅವನೂ ಪ್ರಬಲನೇ. ಅವನಿಗೂ ಸಭಾಭವನಗಳಿದ್ದುವು, ಸಾಮಂತರಿದ್ದರು, ಕಪ್ಪಕಾಣಿಕೆಗಳು ಬರುತ್ತಿದ್ದುವು. ಆದರೆ ಅವನು ಕಟ್ಟಿಸಿದುದೆಲ್ಲವೂ ಮರದಲ್ಲಿ. ಕಂಬ ಮರ, ಗೋಡೆ ಮರ, ಆವರಣದ ಬೇಲಿ ಮರ. ಅವುಗಳಲ್ಲಿ ಒಂದು ಹಲಗೆಯಾದರೂ ಇಂದು ನೆಲದ ಮೇಲೆ ನಿಂತಿಲ್ಲ. ಕಲ್ಲಿನಲ್ಲಿ ಕಟ್ಟಿದವರನ್ನು ಇತಿಹಾಸವು ಸುಲಭವಾಗಿ ನೆನೆಯುತ್ತದೆ. ಮರದಲ್ಲಿ ಕಟ್ಟಿದವರು ಏನನ್ನೂ ಕಟ್ಟಲೇ ಇಲ್ಲವೇನೋ ಎಂಬಂತೆ ಕಾಣತೊಡಗುತ್ತಾರೆ. ಈ ಅನ್ಯಾಯವನ್ನು ಪುರಾತತ್ತ್ವಜ್ಞರು ಸರಿಪಡಿಸಿದ ಬಗೆಯನ್ನು ತಿಳಿಯುವುದು ಸ್ವಾರಸ್ಯಕರವಾಗಿದೆ.

ಮರವು ಕೊಳೆತು ಮಣ್ಣಾಗುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಆ ಮರವನ್ನು ನೆಡಲು ತೋಡಿದ ಕುಳಿಯು ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಸುಗ್ಗಿಯ ಕಾಲದಲ್ಲಿ ಕಣದ ನಡುವೆ ಮೇಟಿಕಂಬವನ್ನು ನೆಟ್ಟು, ಅದಕ್ಕೆ ಎತ್ತುಗಳನ್ನು ಕಟ್ಟಿ ತೆನೆ ತುಳಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದಿತ್ತು. ಸುಗ್ಗಿ ಮುಗಿದ ಮೇಲೆ ಮೇಟಿಯನ್ನು ಕಿತ್ತು ಕುಳಿಯನ್ನು ಮುಚ್ಚುತ್ತಿದ್ದರು. ಮುಚ್ಚಿದರೇನು? ಸುತ್ತಲಿನದು ತಲೆತಲಾಂತರದಿಂದ ಅಲುಗದ ಗಟ್ಟಿನೆಲ. ಕುಳಿಯೊಳಗಿನದು ಮೇಲಿನಿಂದ ತುಂಬಿದ ಸಡಿಲಮಣ್ಣು. ಮೊದಲ ಮಳೆಗೆ ಅಲ್ಲಿ ನೆಲ ಕುಸಿದು ಅಂಗೈಯಗಲ ನೀರು ನಿಲ್ಲುವುದನ್ನು ಯಾರು ಬೇಕಾದರೂ ನೋಡಬಹುದಾಗಿತ್ತು. ಮದುವೆಯ ಚಪ್ಪರದ ಗೂಟಗಳನ್ನು ಕಿತ್ತ ಅಂಗಳದಲ್ಲಿಯೂ ಹೀಗೆಯೇ. ಒಮ್ಮೆ ಅಗೆದ ನೆಲವನ್ನು ಅಗೆಯದ ನೆಲವನ್ನಾಗಿ ಮಾಡಲು ಯಾರಿಂದಲೂ ಸಾಧ್ಯವಿಲ್ಲ. ಸಾವಿರ ವರ್ಷಗಳ ಬಳಿಕವೂ ಆ ಎರಡು ಮಣ್ಣುಗಳ ಬಣ್ಣ, ಬಿಗಿ, ತೇವ ಬೇರೆಬೇರೆಯಾಗಿಯೇ ಇರುತ್ತವೆ.

ಕಂಬವು ನಿಂತಲ್ಲಿಯೇ ಕೊಳೆತರೆ ಇನ್ನೂ ಒಳ್ಳೆಯ ಗುರುತು ಉಳಿಯುತ್ತದೆ. ಕುಳಿಯನ್ನು ಕಂಬದ ದಪ್ಪಕ್ಕಿಂತ ಅಗಲವಾಗಿ ತೋಡಿ, ಕಂಬವನ್ನಿಳಿಸಿ, ಸುತ್ತಲೂ ಮಣ್ಣು ಕಲ್ಲುಗಳನ್ನು ಹಾಕಿ ಧಮ್ಮಸು ಮಾಡುವುದು ಎಲ್ಲ ದೇಶಗಳ ರೂಢಿ. ಕಂಬ ಕೊಳೆತಂತೆಲ್ಲ ಅದರ ಜಾಗವನ್ನು ಕಪ್ಪುಮಿಶ್ರಿತ ನುಣುಪಾದ ಮಣ್ಣು ತುಂಬಿಕೊಳ್ಳುತ್ತದೆ. ಆಗ ಕುಳಿಯ ನಡುವೆ ಕಂಬದ ನೆರಳಿನಂತಹ ಒಂದು ಕಪ್ಪು ಆಕೃತಿ ಕಾಣುತ್ತದೆ. ಅದು ದುಂಡಾಗಿದ್ದರೆ ಕಂಬ ದುಂಡಗಿತ್ತು. ಚೌಕವಾಗಿದ್ದರೆ ಬಾಚಿಯಿಂದ ಕೆತ್ತಿ ಚೌಕಗೊಳಿಸಿದ್ದರು. ಓರೆಯಾಗಿದ್ದರೆ ಕಂಬ ಓರೆಯಾಗಿಯೇ ನಿಂತಿತ್ತು. ಕಂಬವನ್ನು ಕಿತ್ತುಹಾಕಿದ್ದರೆ ಕುಳಿಯ ಬಾಯಿ ಒಂದು ಕಡೆಗೆ ಕದಡಿ ಅಗಲವಾಗಿರುತ್ತದೆ. ಸುಟ್ಟುಹೋಗಿದ್ದರೆ ಇದ್ದಿಲು ಉಳಿದಿರುತ್ತದೆ. ಇದ್ದಿಲು ಕೊಳೆಯುವ ವಸ್ತುವಲ್ಲ. ಮನೆಯನ್ನು ಸುಟ್ಟ ಬೆಂಕಿಯೇ ಮನೆಯ ಸಾಕ್ಷಿಯನ್ನು ಕಾಪಾಡುವುದು ಒಂದು ವಿಚಿತ್ರ.

೧೯೩೯ರಲ್ಲಿ ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ ಬೇಸಿಲ್ ಬ್ರೌನ್ ಎಂಬವರು ಒಂದು ದಿಬ್ಬವನ್ನು ಅಗೆಯುತ್ತಿದ್ದಾಗ ತುಕ್ಕುಹಿಡಿದ ಕಬ್ಬಿಣದ ಮೊಳೆಗಳು ಸಾಲಾಗಿ ಕಾಣಿಸಿದುವು. ಅವರು ಮೊಳೆಗಳನ್ನು ಕೀಳಲಿಲ್ಲ. ಇದ್ದಲ್ಲಿಯೇ ಬಿಟ್ಟು ಅವುಗಳ ಸಾಲನ್ನು ಹಿಡಿದು ಮೆಲ್ಲನೆ ಮರಳನ್ನು ತೆಗೆದರು. ಕೊನೆಗೆ ಸುಮಾರು ೨೭ ಮೀಟರ್ ಉದ್ದದ ಒಂದು ಹಡಗಿನ ಸಂಪೂರ್ಣ ಆಕೃತಿ ಮರಳಿನಲ್ಲಿ ಮೂಡಿತು. ಹಡಗಿನ ಮರವೆಲ್ಲ ಎಂದೋ ಕರಗಿಹೋಗಿತ್ತು. ಅದರ ಒಡಲಿನ ಅಚ್ಚು ಮಾತ್ರ ಮರಳಿನಲ್ಲಿ ಉಳಿದಿತ್ತು. ಅವಸರದ ಕೈಗೆ ಸಿಕ್ಕಿದ್ದರೆ ಒಂದು ಬುಟ್ಟಿ ಮೊಳೆಗಳಲ್ಲದೆ ಬೇರೇನೂ ದಕ್ಕುತ್ತಿರಲಿಲ್ಲ.

ಇಂಥ ಗುರುತುಗಳನ್ನು ಕಾಣಲಾರದೆ ಹೋದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇಂಗ್ಲೆಂಡಿನಲ್ಲಿಯೇ ಇದೆ. ಐದನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಮೇಲೆ ರೋಮನರ ಆಳ್ವಿಕೆ ಕೊನೆಗೊಂಡಿತು. ಆಮೇಲೆ ಸಮುದ್ರದಾಚೆಯಿಂದ ಬಂದು ನೆಲೆಸಿದ ಜರ್ಮನಿಕ್ ಜನರನ್ನು ಆಂಗ್ಲೋ-ಸ್ಯಾಕ್ಸನ್ನರೆಂದು ಕರೆಯುತ್ತಾರೆ. ಇವರು ಎಂತಹ ಮನೆಗಳಲ್ಲಿ ವಾಸಿಸುತ್ತಿದ್ದರು? ಆಕ್ಸ್‌ಫರ್ಡಿನ ವಿದ್ವಾಂಸ ಇ. ಟಿ. ಲೀಡ್ಸ್ ಅವರು ೧೯೨೧ರಿಂದ ೧೯೩೭ರವರೆಗೆ ಥೇಮ್ಸ್ ನದಿಯ ದಡದ ಸಟನ್ ಕೋರ್ಟ್‌ನಿ ಎಂಬ ಹಳ್ಳಿಯಲ್ಲಿ, ಗರಸು ತೆಗೆಯುವ ಗಣಿಯ ಅಂಚಿನಲ್ಲಿ, ಅನೇಕ ಗುಂಡಿಗಳನ್ನು ಅಗೆದು ಪರೀಕ್ಷಿಸಿದರು. ಮೊಣಕಾಲುದ್ದ ಆಳದ ಗುಂಡಿ, ಅದರ ಎರಡು ತುದಿಗಳಲ್ಲಿ ಒಂದೊಂದು ಕಂಬದ ಗುರುತು, ತಳದಲ್ಲಿ ಒಡೆದ ಮಡಕೆ, ಎಲುಬು, ಕಸ. ದನಗಳ ದೊಡ್ಡಿಗೂ ಸಾಲದಂತಿದ್ದ ಈ ಗುಂಡಿಗಳೇ ಆ ಜನರ ಮನೆಗಳೆಂದು ನಿರ್ಣಯವಾಯಿತು. ಹಳೆಯ ಇಂಗ್ಲಿಷಿನ 'ಬೇವುಲ್ಫ್' ಎಂಬ ಕಾವ್ಯದಲ್ಲಿ ಹಿಯೊರಾಟ್ ಎಂಬ ಭವ್ಯವಾದ ಮರದ ಭವನದ ವರ್ಣನೆ ಬರುತ್ತದೆ. ಕಾವ್ಯದ ಭವನವೆಲ್ಲಿ, ನೆಲದ ಗುಂಡಿಯೆಲ್ಲಿ? ಕವಿಗಳ ಉತ್ಪ್ರೇಕ್ಷೆಯೆಂದು ತಳ್ಳಿಹಾಕುವುದು ಸುಲಭವಾಗಿತ್ತು.

ಲೀಡ್ಸ್ ಅವರನ್ನು ದೂಷಿಸುವುದು ಸರಿಯಲ್ಲ. ಗಣಿಯ ಗುದ್ದಲಿಗಳು ಮುಂದೆ ಮುಂದೆ ಬರುತ್ತಿದ್ದಾಗ ಅವರು ತಮ್ಮಿಂದಾದುದನ್ನು ಉಳಿಸಿಕೊಂಡರು. ಗುಂಡಿ ಆಳವಾದುದು, ಕಪ್ಪಗಿನದು, ಒಡನೆಯೇ ಕಣ್ಣಿಗೆ ಬೀಳುವಂತಹುದು. ಅದರ ಪಕ್ಕದಲ್ಲಿ ಒಂದು ದೊಡ್ಡ ಮನೆ ಇದ್ದರೂ ಅದರ ಗುರುತುಗಳು ಗೇಣಗಲದ ಮಸುಕಾದ ಕಲೆಗಳು ಮಾತ್ರ; ಅವು ಅಲ್ಲೊಂದು ಇಲ್ಲೊಂದು ಚದುರಿರುತ್ತವೆ. ವಿಶಾಲವಾದ ನೆಲವನ್ನು ಒಮ್ಮೆಗೇ ತೆರೆದು ಮೇಲಿನಿಂದ ನೋಡಿದರೆ ಮಾತ್ರ ಅವು ಸಾಲುಗೂಡಿ ಮನೆಯ ಆಕಾರ ತಳೆಯುತ್ತವೆ. ಕಿರಿದಾದ ಹಳ್ಳಗಳನ್ನು ತೋಡುವವರಿಗೆ ಅವು ಕಾಣುವುದೇ ಇಲ್ಲ.

ನೆಲವನ್ನು ವಿಶಾಲವಾಗಿ ತೆರೆಯುವ ಈ ವಿಧಾನದಲ್ಲಿ ಹಾಲೆಂಡ್, ಡೆನ್ಮಾರ್ಕ್, ಜರ್ಮನಿ ದೇಶಗಳವರು ಮುಂದಿದ್ದರು. ಅದನ್ನು ಇಂಗ್ಲೆಂಡಿಗೆ ತಂದವರು ಗೆರ್ಹಾರ್ಡ್ ಬೆರ್ಸು ಎಂಬ ಜರ್ಮನ್ ವಿದ್ವಾಂಸರು. ಯೆಹೂದಿ ವಂಶದ ಸಂಬಂಧವಿದ್ದ ಕಾರಣಕ್ಕೆ ನಾಜಿ ಸರಕಾರವು ಅವರನ್ನು ಹುದ್ದೆಯಿಂದ ತೆಗೆದುಹಾಕಿತ್ತು. ಅವರು ೧೯೩೮-೩೯ರಲ್ಲಿ ಸಾಲ್ಸ್‌ಬರಿಯ ಸಮೀಪದ ಲಿಟ್ಲ್ ವುಡ್‌ಬರಿಯಲ್ಲಿ ಕ್ರಿಸ್ತಪೂರ್ವದ ಕಬ್ಬಿಣಯುಗದ ಒಂದು ನೆಲೆಯನ್ನು ಅಗೆದರು. ಅಲ್ಲಿಯೂ ಅಂದಿನ ನಂಬಿಕೆ ಜನರು ಗುಂಡಿಗಳಲ್ಲಿ ವಾಸಿಸುತ್ತಿದ್ದರೆಂದೇ. ಬೆರ್ಸು ಅವರು ಆ ಗುಂಡಿಗಳು ಧಾನ್ಯ ತುಂಬುವ ಹಗೇವುಗಳೆಂದು ತೋರಿಸಿ, ಜನರ ನಿಜವಾದ ಮನೆಯನ್ನೂ ಕಂಡುಹಿಡಿದರು: ಸುಮಾರು ೧೫ ಮೀಟರ್ ಅಡ್ಡಳತೆಯ, ಮರದ ಕಂಬಗಳ, ದುಂಡಾದ ದೊಡ್ಡ ಮನೆ. ಹಗೇವನ್ನು ಮನೆಯೆಂದು ಭಾವಿಸಿ ಒಂದು ಜನಾಂಗವನ್ನೇ ಗುಹಾವಾಸಿಗಳ ಸಾಲಿಗೆ ಸೇರಿಸಿದ್ದನ್ನು ಕೇಳಿದರೆ, ಹಗೇವಿನಲ್ಲಿ ಜೋಳ ತುಂಬಿ ಬಲ್ಲ ನಮ್ಮ ಬಯಲುಸೀಮೆಯ ರೈತನಿಗೆ ನಗು ಬಂದೀತು.

ಅಗೆತದ ವಿಧಾನದ ಬಗೆಗೆ ಇಲ್ಲಿ ಒಂದು ಮಾತು. ನೆಲವನ್ನು ಚದುರಂಗದ ಮಣೆಯಂತೆ ಚೌಕಗಳನ್ನಾಗಿ ವಿಂಗಡಿಸಿ, ನಡುನಡುವೆ ಮಣ್ಣಿನ ಗೋಡೆಗಳನ್ನು ಬಿಟ್ಟು ಅಗೆಯುವ ಕ್ರಮವನ್ನು ಪ್ರಸಿದ್ಧಿಗೆ ತಂದವರು ಮಾರ್ಟಿಮರ್ ವೀಲರ್. ೧೯೪೭ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದವರೂ ಅವರೇ. ಒಂದರ ಮೇಲೊಂದು ಕೂಡಿದ ಪದರಗಳನ್ನು ಓದಲು ಆ ಕ್ರಮ ಬಹಳ ಉಪಯುಕ್ತ. ಆದರೆ ಮರದ ಕಟ್ಟಡವನ್ನು ಹುಡುಕುವವರಿಗೆ ಆ ನಡುಗೋಡೆಗಳೇ ಅಡ್ಡಿ; ಮುಖ್ಯವಾದ ಕಂಬದ ಕುಳಿ ಅದರ ಅಡಿಯಲ್ಲಿಯೇ ಅಡಗಿರಬಹುದು. ಕಂಬದ ಕುಳಿಗಳನ್ನು ಓದುವ ಕಲೆ ಕರ್ನಾಟಕದಲ್ಲಿಯೂ ಫಲ ಕೊಟ್ಟಿದೆ. ೧೯೬೩ ಮತ್ತು ೧೯೬೫ರ ನಡುವೆ ಎಂ. ಎಸ್. ನಾಗರಾಜರಾವ್ ಅವರು ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ ಅಗೆದಾಗ ನವಶಿಲಾಯುಗದ ಜನರ ದುಂಡು ಗುಡಿಸಲುಗಳ ರೂಪ ತಿಳಿದುಬಂದುದು ಇಂಥ ಗುರುತುಗಳಿಂದಲೇ.

ಈಗ ಎಡ್ವಿನ್ ದೊರೆಯ ಬಳಿಗೆ ಹಿಂದಿರುಗೋಣ. ಬೀಡ್ ಎಂಬ ಕ್ರೈಸ್ತ ಸನ್ಯಾಸಿಯು ೭೩೧ರಲ್ಲಿ ಮುಗಿಸಿದ ತನ್ನ ಇತಿಹಾಸಗ್ರಂಥದಲ್ಲಿ ಒಂದು ಪ್ರಸಂಗವನ್ನು ಹೇಳುತ್ತಾನೆ. ಎಡ್ವಿನ್ನನು ೬೨೭ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದನು. ಪೌಲಿನಸ್ ಎಂಬ ಬಿಷಪ್ಪನು ರಾಜರಾಣಿಯರೊಡನೆ 'ಆಡ್ ಗೆಫ್ರಿನ್' ಎಂಬ ರಾಜನಿವಾಸಕ್ಕೆ ಬಂದು, ಅಲ್ಲಿ ೩೬ ದಿನಗಳ ಕಾಲ ಬೆಳಗಿನಿಂದ ಸಂಜೆಯವರೆಗೂ ಜನರಿಗೆ ಉಪದೇಶಮಾಡುತ್ತ, ಗ್ಲೆನ್ ನದಿಯಲ್ಲಿ ದೀಕ್ಷಾಸ್ನಾನ ಮಾಡಿಸಿದನು. ಮುಂದಿನ ದೊರೆಗಳ ಕಾಲದಲ್ಲಿ ಆ ನಿವಾಸವು ಪಾಳುಬಿದ್ದು, ಮೇಲ್ಮಿನ್ ಎಂಬಲ್ಲಿ ಬೇರೊಂದನ್ನು ಕಟ್ಟಿದರೆಂದೂ ಬೀಡ್ ಬರೆದಿದ್ದಾನೆ. ಅಂದಿನ ದೊರೆಗಳು ಒಂದೇ ರಾಜಧಾನಿಯಲ್ಲಿ ಕುಳಿತು ಆಳುತ್ತಿರಲಿಲ್ಲ. ಪರಿವಾರದೊಡನೆ ಒಂದು ನಿವಾಸದಿಂದ ಇನ್ನೊಂದಕ್ಕೆ ಸಂಚರಿಸುತ್ತ, ಆಯಾ ಸೀಮೆಯವರು ತಂದೊಪ್ಪಿಸಿದ ಧಾನ್ಯ ದನಗಳನ್ನು ಅಲ್ಲಲ್ಲಿಯೇ ಬಳಸುತ್ತಿದ್ದರು. ನಮ್ಮ ಶಾಸನಗಳಲ್ಲಿ ಬರುವ 'ನೆಲೆವೀಡು' ಎಂಬ ಮಾತನ್ನು ನೆನೆದರೆ ಇಂಥ ನಿವಾಸದ ಕಲ್ಪನೆ ಸ್ವಲ್ಪಮಟ್ಟಿಗೆ ಬಂದೀತು.

ಗೆಫ್ರಿನ್ ಎಂದರೆ ಆಡುಗಳ ಗುಡ್ಡ. ಸ್ಕಾಟ್ಲೆಂಡಿನ ಗಡಿಗೆ ಸಮೀಪದಲ್ಲಿ, ಗ್ಲೆನ್ ನದಿಯ ದಡದಲ್ಲಿ, ಯೆವರಿಂಗ್ ಎಂಬ ಸ್ಥಳವಿದೆ. ಹಳೆಯ ಹೆಸರೇ ಸವೆದು ಹೀಗಾಗಿದೆ. ಆದುದರಿಂದ ಬೀಡ್ ಹೇಳಿದ ನಿವಾಸವು ಆ ಸುತ್ತಿನಲ್ಲಿಯೇ ಇದ್ದಿರಬೇಕೆಂದು ವಿದ್ವಾಂಸರು ಬಹಳ ಹಿಂದೆಯೇ ಊಹಿಸಿದ್ದರು. ಆದರೆ ನೆಲದ ಮೇಲೆ ಕಾಣುವುದು ಹೊಲವೊಂದೇ.

ಗುಟ್ಟನ್ನು ಬಯಲುಮಾಡಿದುದು ಒಂದು ಒಣಬೇಸಿಗೆ. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಜೆ. ಕೆ. ಸೇಂಟ್ ಜೋಸೆಫ್ ಅವರು ೧೯೪೯ರಲ್ಲಿ ವಿಮಾನದಲ್ಲಿ ಹಾರುತ್ತ ಯೆವರಿಂಗಿನ ಹೊಲಗಳ ಛಾಯಾಚಿತ್ರಗಳನ್ನು ತೆಗೆದರು. ಚಿತ್ರದಲ್ಲಿ ಪೈರಿನ ನಡುವೆ ಗೆರೆಗಳು ಎದ್ದು ಕಾಣುತ್ತಿದ್ದುವು: ಉದ್ದನೆಯ ಚತುರಸ್ರಗಳು, ಬಾಗಿದ ಜೋಡಿಗೆರೆಗಳು. ಇದರ ಕಾರಣ ಸರಳವಾದುದು. ಅಲ್ಲಿನ ತಳನೆಲ ಗರಸು. ನೀರು ಅದರಲ್ಲಿ ನಿಲ್ಲುವುದಿಲ್ಲ. ಮಳೆ ಕೈಕೊಟ್ಟಾಗ ಪೈರು ಬೇಗ ಬಾಡುತ್ತದೆ. ಆದರೆ ಹಿಂದೊಮ್ಮೆ ತೋಡಿ ಮುಚ್ಚಿದ ಕಾಲುವೆಯ ಮೇಲೆ ಬೆಳೆದ ಪೈರಿನ ಬೇರುಗಳಿಗೆ ಆಳವಾದ ಮೆದುಮಣ್ಣಿನ ತೇವ ದೊರೆಯುತ್ತದೆ. ಅಷ್ಟು ಪೈರು ಮಾತ್ರ ಎತ್ತರವಾಗಿ ಹಸುರಾಗಿ ನಿಲ್ಲುತ್ತದೆ. ಹೊಲದಲ್ಲಿ ನಡೆದಾಡುವವನಿಗೆ ಇದೊಂದೂ ತಿಳಿಯದು. ಆಕಾಶದಿಂದ ನೋಡುವವನಿಗೆ ನಕ್ಷೆ ಬರೆದಂತೆ ಕಾಣುತ್ತದೆ. ಅಳಿದುಹೋದ ಅರಮನೆಯ ನಕ್ಷೆಯನ್ನು ಪ್ರತಿವರ್ಷದ ಬೆಳೆಯು ಬರೆದು ಅಳಿಸುತ್ತಲೇ ಇದ್ದಿತು, ಓದುವವರಿರಲಿಲ್ಲ ಅಷ್ಟೆ.

ಅಷ್ಟರಲ್ಲಿ ಪಕ್ಕದ ಗರಸಿನ ಗಣಿಯು ಹೊಲದ ಅಂಚನ್ನು ಕಡಿಯತೊಡಗಿತ್ತು. ಉಳಿದುದನ್ನು ಪರೀಕ್ಷಿಸುವ ಹೊಣೆಯು ಬ್ರಯನ್ ಹೋಪ್-ಟೇಲರ್ ಎಂಬ ತರುಣರ ಮೇಲೆ ಬಿದ್ದಿತು. ಅವರು ಮೂಲತಃ ಚಿತ್ರಕಾರರು. ೧೯೫೨ರಲ್ಲಿ ಆರಂಭವಾದ ಕಾರ್ಯವು ನಡುನಡುವೆ ನಿಂತು ೧೯೬೨ರವರೆಗೆ ನಡೆಯಿತು. ಚಿತ್ರಕಾರನ ಕಣ್ಣು ಈ ಕೆಲಸಕ್ಕೆ ಒದಗಿಬಂದುದು ಭಾಗ್ಯವೆಂದೇ ಹೇಳಬೇಕು. ಏಕೆಂದರೆ ಅಲ್ಲಿ ನೋಡಬೇಕಾದುದು ವಸ್ತುಗಳನ್ನಲ್ಲ, ಬಣ್ಣದ ಛಾಯೆಗಳನ್ನು.

ಇಂತಹ ಅಗೆತದಲ್ಲಿ ಗುದ್ದಲಿ ಪಿಕಾಸಿಗಳಿಗೆ ಹೆಚ್ಚಿನ ಕೆಲಸವಿಲ್ಲ. ಉತ್ತು ಕಲಕಿದ ಮೇಲ್ಮಣ್ಣನ್ನು ತೆಗೆದ ಮೇಲೆ ಗಾರೆಕೆಲಸದವರ ಕರಣೆಯಂತಹ ಚಿಕ್ಕ ಕರಣೆಯಿಂದ ನೆಲವನ್ನು ಹೆರೆಯುತ್ತ ಹಿಂದೆ ಹಿಂದೆ ಸರಿಯಬೇಕು. ಹೆರೆದ ನೆಲ ಒದ್ದೆಯಾಗಿರುವಾಗ ಕಲೆಗಳು ಕಾಣುತ್ತವೆ. ಬಿಸಿಲಿಗೆ ಒಣಗಿದೊಡನೆ ಮಾಯವಾಗುತ್ತವೆ. ಆದುದರಿಂದ ನೀರು ಚಿಮುಕಿಸಿ ಮತ್ತೆ ನೋಡುವುದುಂಟು. ಕಣ್ಣಿಗೆ ಕಾಣದ ವ್ಯತ್ಯಾಸ ಒಮ್ಮೊಮ್ಮೆ ಕೈಗೆ ತಿಳಿಯುತ್ತದೆ; ಗಟ್ಟಿನೆಲದ ಮೇಲೆ ಕಿರುಗುಟ್ಟಿದ ಕರಣೆಯು ತುಂಬುಮಣ್ಣಿಗೆ ಬಂದೊಡನೆ ಸದ್ದಿಲ್ಲದೆ ಸರಿಯುತ್ತದೆ. ಕಲೆ ಕಂಡಿತೆಂದು ಒಡನೆ ತೋಡಿಬಿಡುವಂತಿಲ್ಲ. ಮೊದಲು ಅದರ ನಕ್ಷೆ ಬರೆಯಬೇಕು. ಬಳಿಕ ಅರ್ಧವನ್ನು ಮಾತ್ರ ತೆಗೆದು, ಉಳಿದರ್ಧದ ಛೇದಮುಖದಲ್ಲಿ ಕಂಬದ ನೆರಳಿದೆಯೆ, ಸುತ್ತಲಿನ ಬಿಗಿಮಣ್ಣು ಇದೆಯೆ ಎಂದು ನೋಡಬೇಕು. ಇಲಿಯ ಬಿಲವೂ ಮರದ ಬೇರೂ ಇಂಥದೇ ಕಲೆಗಳನ್ನು ಮಾಡುತ್ತವೆ. ಬಿಲ ಅಡ್ಡಡ್ಡ ತಿರುಗುತ್ತದೆ, ಬೇರು ಕವಲೊಡೆಯುತ್ತದೆ. ಮನುಷ್ಯನು ತೋಡಿದ ಕುಳಿಗೆ ನೆಟ್ಟಗಿನ ಅಂಚು, ಸಮವಾದ ತಳ ಇರುತ್ತದೆ.

ಒಂದು ಕುಳಿಯು ಇನ್ನೊಂದರ ಅಂಚನ್ನು ಕತ್ತರಿಸಿದ್ದರೆ ಕತ್ತರಿಸಿದುದೇ ಈಚಿನದು. ಈ ಸಣ್ಣ ಸೂತ್ರವೊಂದರಿಂದ, ಒಂದೇ ಜಾಗದಲ್ಲಿ ನಾಲ್ಕಾರು ಬಾರಿ ಕಟ್ಟಿದ ಮನೆಗಳ ಗೋಜಲನ್ನು ಬಿಡಿಸಿ, ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲು ಸಾಧ್ಯವಾಗುತ್ತದೆ.

ಹೀಗೆ ಯೆವರಿಂಗಿನಲ್ಲಿ ಕಾಣಿಸಿಕೊಂಡುದೇನು? ಎಲ್ಲಕ್ಕಿಂತ ಮೊದಲು ಹೇಳಬೇಕಾದವು ಮಹಾಭವನಗಳು. ಒಂದಾದಮೇಲೊಂದರಂತೆ ಕಟ್ಟಿದ ಇವುಗಳಲ್ಲಿ ಅತಿದೊಡ್ಡ ಭವನದ ಉದ್ದ ಸುಮಾರು ೨೫ ಮೀಟರ್. ಅಗಲ ಅದರ ಅರ್ಧಕ್ಕೆ ಹತ್ತಿರ. ಗೋಡೆಗಳಿಗಾಗಿ ತೋಡಿದ ಪಾಯದ ಕಾಲುವೆಗಳು ಕೆಲವೆಡೆ ಆಳೆತ್ತರವನ್ನೂ ಮೀರುತ್ತವೆ. ಚೌಕವಾಗಿ ಕೆತ್ತಿದ ದಪ್ಪ ಮರಗಳನ್ನು ಆ ಕಾಲುವೆಯಲ್ಲಿ ಒತ್ತಾಗಿ ನಿಲ್ಲಿಸಿ ಗೋಡೆ ಮಾಡಿದ್ದರು. ಹೊರಗಡೆಯಲ್ಲಿ ಸಾಲಾಗಿ ಕಂಡ ಓರೆಕುಳಿಗಳು, ಗೋಡೆಗೆ ಆನಿಸಿದ ಊರೆಗೋಲುಗಳ ಗುರುತು. ಇಷ್ಟು ಆಳದ ಪಾಯ, ಇಷ್ಟು ಊರೆ ಬೇಕಾದುದು ಭಾರವಾದ ಎತ್ತರವಾದ ಮಾಡನ್ನು ಹೊರುವುದಕ್ಕಲ್ಲದೆ ಬೇರೇತಕ್ಕೆ? ಭವನಗಳ ಬಾಗಿಲುಗಳು ಎದುರುಬದುರಾಗಿದ್ದುವು. ಬೀಡ್‌ನ ಗ್ರಂಥದಲ್ಲಿ ಎಡ್ವಿನ್ನನ ಮಂತ್ರಿಯೊಬ್ಬನು, ಚಳಿಗಾಲದ ರಾತ್ರಿ ಬೆಚ್ಚಗಿನ ಸಭಾಭವನದ ಒಂದು ಬಾಗಿಲಿನಿಂದ ಒಳಹಾರಿ ಇನ್ನೊಂದರಿಂದ ಹೊರಹಾರಿ ಕತ್ತಲೆಯಲ್ಲಿ ಮರೆಯಾಗುವ ಗುಬ್ಬಿಗೆ ಮನುಷ್ಯನ ಬಾಳನ್ನು ಹೋಲಿಸುತ್ತಾನೆ. ಆ ಉಪಮೆಯ ಭವನವು ಹೇಗಿದ್ದಿರಬಹುದೆಂಬುದನ್ನು ಈಗ ನೆಲದ ಮೇಲೆಯೇ ಅಳೆದು ನೋಡುವಂತಾಯಿತು.

ನೆಲೆಯ ಪೂರ್ವದ ತುದಿಯಲ್ಲಿ ಒಂದು ಮಹಾ ಆವರಣವಿತ್ತು. ಅದನ್ನು ಬಳಸಿದ್ದು ಕಲ್ಲಿನ ಕೋಟೆಯಲ್ಲ. ಮರದ ಕಂಬಗಳ ಬೇಲಿ. ಅದು ಹಲವು ಬಾರಿ ಹೊಸದಾಗಿ ಕಟ್ಟಲ್ಪಟ್ಟು, ಒಂದು ಹಂತದಲ್ಲಿ ಎರಡು ಸಾಲಿನ ಬೇಲಿಯಾಗಿತ್ತು. ಹಗೆಗಳನ್ನು ತಡೆಯಲು ಕಟ್ಟಿದ ಕೋಟೆಯೆಂದೇ ಮೊದಲು ತೋರುವುದು ಸಹಜ. ಆದರೆ ಅರಮನೆಗಳೆಲ್ಲ ಆವರಣದ ಹೊರಗಿವೆ. ತನ್ನ ಮನೆಯನ್ನು ಹೊರಗೆ ಬಿಟ್ಟು ಬಯಲಿಗೆ ಕೋಟೆ ಕಟ್ಟುವವರು ಯಾರು? ಈ ನೆಲೆಯಲ್ಲಿ ದೊರೆತ ಎಲುಬುಗಳಲ್ಲಿ ಬಹುಪಾಲು ದನಗಳವು. ಕಪ್ಪವಾಗಿ ಬಂದ ದನಗಳನ್ನು ಕೂಡುವುದಕ್ಕೂ, ಸೀಮೆಯ ಜನರು ನೆರೆಯುವುದಕ್ಕೂ ಈ ಆವರಣವು ಬಳಕೆಯಾಗುತ್ತಿತ್ತೆಂಬುದೇ ಹೆಚ್ಚು ಸಮಂಜಸವಾಗಿ ತೋರುತ್ತದೆ.

ಎಲ್ಲಕ್ಕಿಂತ ಅಚ್ಚರಿಯ ಕಟ್ಟಡ ಮತ್ತೊಂದು. ಒಂದರ ಹಿಂದೊಂದು ಬಾಗಿದ ಒಂಬತ್ತು ಕಾಲುವೆಗಳು. ಮುಂದಿನದು ಚಿಕ್ಕದು, ಹಿಂದಿನದು ದೊಡ್ಡದು. ಒಟ್ಟು ಆಕಾರ ಬೀಸಣಿಗೆಯನ್ನು ಅರ್ಧ ಬಿಚ್ಚಿದಂತೆ. ಬೀಸಣಿಗೆಯ ಹಿಡಿ ಇರಬೇಕಾದ ಕಡೆ ಒಂದು ಜಗಲಿಯ ಗುರುತು. ಮನೆಯಲ್ಲ, ಬೇಲಿಯಲ್ಲ, ಇದೇನು? ಹಿಂದೆ ಹೋದಂತೆಲ್ಲ ಮರಗಳನ್ನು ಹೆಚ್ಚು ಆಳಕ್ಕೆ ನೆಟ್ಟಿರುವುದನ್ನು ಹೋಪ್-ಟೇಲರ್ ಗಮನಿಸಿದರು. ಆಳ ಹೆಚ್ಚಿದಲ್ಲಿ ಎತ್ತರವೂ ಹೆಚ್ಚಿರಬೇಕು. ಎಂದರೆ, ಇದು ಮೆಟ್ಟಿಲುಮೆಟ್ಟಿಲಾಗಿ ಮೇಲೇರುವ ಆಸನಗಳ ಸಾಲು. ರೋಮನರ ಕಲ್ಲಿನ ರಂಗಮಂದಿರದ ಒಂದು ತುಂಡನ್ನು ಮರದಲ್ಲಿ ಕಟ್ಟಿದಂತಹುದು. ಮೊದಲು ಆರು ಸಾಲುಗಳಿದ್ದು, ಆಮೇಲೆ ಒಂಬತ್ತಕ್ಕೆ ವಿಸ್ತರಿಸಿದಾಗ ಮುನ್ನೂರಕ್ಕೂ ಹೆಚ್ಚು ಮಂದಿ ಕುಳಿತುಕೊಳ್ಳಬಹುದಾಗಿತ್ತೆಂದು ಅವರ ಲೆಕ್ಕ. ಜಗಲಿಯ ಮೇಲೆ ದೊರೆಯು ನಿಂತು ಮಾತಾಡಿರಬೇಕು. ಪೌಲಿನಸನೂ ಇಲ್ಲಿಯೇ ಉಪದೇಶ ಮಾಡಿದನೇ? ಮಾಡಿರಬಹುದು. ಮಣ್ಣು ಆಸನಗಳನ್ನು ತೋರಿಸಬಲ್ಲುದು. ಆಡಿದ ಮಾತನ್ನು ತೋರಿಸಲಾರದು.

ಇನ್ನೊಂದು ಕಟ್ಟಡದಲ್ಲಿ ಮನೆವಾರ್ತೆಯ ಗುರುತೇ ಇರಲಿಲ್ಲ. ಬಾಗಿಲ ಬಳಿಯ ಕುಳಿಯಲ್ಲಿ ಎತ್ತುಗಳ ತಲೆಬುರುಡೆಗಳ ರಾಶಿ ಇತ್ತು. ಅದು ಹಳೆಯ ಮತದ ದೇವಾಲಯವೆಂದು ಹೋಪ್-ಟೇಲರ್ ತರ್ಕಿಸಿದರು. ಆ ಕಟ್ಟಡವನ್ನು ಕೆಡವದೆ ಅದರ ಸುತ್ತ ಇನ್ನೊಂದು ಗೋಡೆಯನ್ನೆಬ್ಬಿಸಿ ನವೀಕರಿಸಿದ್ದುದು ಅವರ ತರ್ಕಕ್ಕೆ ಇನ್ನಷ್ಟು ಬಲ ಕೊಟ್ಟಿತು. ಏಕೆಂದರೆ, ಹಳೆಯ ಗುಡಿಗಳನ್ನು ಕೆಡವಬೇಡಿರಿ, ಶುದ್ಧಿಮಾಡಿ ಬಳಸಿಕೊಳ್ಳಿರಿ ಎಂದು ಪೋಪ್ ಗ್ರೆಗರಿಯು ೬೦೧ರಲ್ಲಿ ಬರೆಯಿಸಿದ ಪತ್ರವೊಂದು ಬೀಡ್‌ನ ಗ್ರಂಥದಲ್ಲಿ ಉಳಿದಿದೆ. ದೊಡ್ಡ ಭವನದ ಬಾಗಿಲಿನ ಹೊರಗೆ ಒಂದು ಗೋರಿಯೂ ಸಿಕ್ಕಿತು. ಅದರಲ್ಲಿ ಒಬ್ಬ ಮನುಷ್ಯ, ಕಂಚಿನ ಕಟ್ಟುಗಳಿದ್ದ ಒಂದು ಕೋಲು, ಒಂದು ಆಡಿನ ತಲೆಬುರುಡೆ. ಆಡುಗಳ ಗುಡ್ಡದಲ್ಲಿ ಆಡಿನ ತಲೆಯೊಡನೆ ಹೂಳಿಸಿಕೊಂಡ ಆ ಮನುಷ್ಯನು ಕಟ್ಟಡಗಳ ಅಳತೆ ಹಾಕುತ್ತಿದ್ದವನೋ, ಪೂಜಾರಿಯೋ, ಹೇಳುವವರಾರು?

ಚಿನ್ನ ಬೆಳ್ಳಿಗಳನ್ನು ನಿರೀಕ್ಷಿಸುವವರಿಗೆ ಯೆವರಿಂಗ್ ನಿರಾಶೆಯನ್ನೇ ಉಂಟುಮಾಡುತ್ತದೆ. ಹತ್ತು ವರ್ಷಗಳಲ್ಲಿ ದೊರೆತ ವಸ್ತುಗಳು ಬಹಳ ಕಡಮೆ. ಚಿನ್ನದ ಲೇಪವಿದ್ದ ಒಂದು ನಾಣ್ಯವೇ ದೊಡ್ಡ ಸಂಪತ್ತು. ಆದರೆ ಅದು ಏಳನೆಯ ಶತಮಾನದ ಪೂರ್ವಾರ್ಧದ್ದಾದುದರಿಂದ ಕಾಲನಿರ್ಣಯಕ್ಕೆ ನೆರವಾಯಿತು.

ಕಾಲದ ವಿಷಯದಲ್ಲಿಯೇ ವಿವಾದವೂ ಹುಟ್ಟಿದೆ. ನೆಲೆಯು ಎರಡು ಬಾರಿ ಸುಟ್ಟಿತ್ತೆಂದು ಇದ್ದಿಲು ಹೇಳುತ್ತದೆ. ಎಡ್ವಿನ್ನನು ೬೩೩ರಲ್ಲಿ ಕ್ಯಾಡ್ವಾಲನ್ ಮತ್ತು ಪೆಂಡ ಎಂಬ ದೊರೆಗಳೊಡನೆ ಕಾದಿ ಮಡಿದನೆಂದು ಬೀಡ್ ಹೇಳುತ್ತಾನೆ. ಪೆಂಡನು ಆಮೇಲೆಯೂ ನಾರ್ಥಂಬ್ರಿಯವನ್ನು ಕೊಳ್ಳೆಹೊಡೆದನು. ಹೋಪ್-ಟೇಲರ್ ಮಣ್ಣಿನ ಬೆಂಕಿಗಳನ್ನು ಗ್ರಂಥದ ಯುದ್ಧಗಳೊಡನೆ ಜೋಡಿಸಿದರು. ಜೋಡಣೆ ಅಂದವಾಗಿದೆ, ಆದರೆ ಮರದ ಮನೆಗೆ ಬೆಂಕಿ ಬೀಳಲು ವೈರಿಯ ದಂಡೇ ಬರಬೇಕಾಗಿಲ್ಲ, ಒಲೆಯ ಕಿಡಿಯೊಂದು ಸಾಕು. ಈಚಿನ ವಿದ್ವಾಂಸರು ಹಲವರು ಈ ಜೋಡಣೆಯನ್ನು ಪ್ರಶ್ನಿಸಿದ್ದಾರೆ. ಅವರ ಸಂಶಯ ನ್ಯಾಯವಾದುದೆಂದೇ ನನಗೂ ತೋರುತ್ತದೆ. ನೆಲದ ಸಾಕ್ಷ್ಯವನ್ನು ನೆಲದಿಂದ, ಗ್ರಂಥದ ಸಾಕ್ಷ್ಯವನ್ನು ಗ್ರಂಥದಿಂದ ಮೊದಲು ಬೇರೆಬೇರೆಯಾಗಿ ತೂಗಿ, ಆಮೇಲೆ ತಾನೆ ಎರಡನ್ನೂ ಸೇರಿಸಬೇಕು?

ಇಂತಹ ಪ್ರಶ್ನೆಗಳನ್ನು ಇಂದು ಕೇಳಲು ಸಾಧ್ಯವಾಗಿರುವುದೂ ಹೋಪ್-ಟೇಲರರಿಂದಲೇ. ಗ್ರಂಥಾಲಯದ ಪುಸ್ತಕವನ್ನು ಎಷ್ಟು ಜನ ಬೇಕಾದರೂ ಓದಬಹುದು. ಆದರೆ ಅಗೆಯುವವನು ತಾನು ಓದಿದ ಪುಟವನ್ನು ಓದುತ್ತಲೇ ಹರಿದುಹಾಕುತ್ತಾನೆ. ತೆಗೆದ ಮಣ್ಣನ್ನು ಮತ್ತೆ ಕುಳಿಗೆ ತುಂಬಿದರೆ ಕಂಬದ ನೆರಳು ಮರಳಿ ಬಾರದು. ಅವನು ಬರೆದಿಟ್ಟ ನಕ್ಷೆ, ಅಳತೆ, ಟಿಪ್ಪಣಿಗಳೇ ಮುಂದಿನವರಿಗ ಉಳಿಯುವ ಸಾಕ್ಷಿ. ಹೋಪ್-ಟೇಲರರ ಗ್ರಂಥವು ಅಗೆತ ಮುಗಿದು ಹದಿನೈದು ವರ್ಷಗಳ ಮೇಲೆ, ೧೯೭೭ರಲ್ಲಿ, ಪ್ರಕಟವಾಯಿತು. ತಡವಾಯಿತೆಂದು ಆಕ್ಷೇಪಿಸಿದವರುಂಟು. ಆದರೆ ಅದರ ನಕ್ಷೆಗಳಲ್ಲಿ ಮಣ್ಣಿನ ಒಂದೊಂದು ಛಾಯೆಯನ್ನೂ ಚಿತ್ರಕಾರನ ಕೈ ಎಷ್ಟು ಶ್ರದ್ಧೆಯಿಂದ ದಾಖಲಿಸಿದೆಯೆಂದರೆ, ಅವರ ತೀರ್ಮಾನಗಳನ್ನು ಒಪ್ಪದವರು ಕೂಡ ಅವರ ನಕ್ಷೆಗಳನ್ನೇ ಮುಂದಿಟ್ಟುಕೊಂಡು ವಾದಿಸುತ್ತಾರೆ. ಬೇಗ ಬಂದು ಮುಂದೆ ಪ್ರಯೋಜನಕ್ಕೆ ಬಾರದ ವರದಿಗಿಂತ ಇದು ಸಾವಿರಪಾಲು ಮೇಲು.

ಹಾಗಾದರೆ ಲೀಡ್ಸ್ ಕಂಡ ಗುಂಡಿಗಳ ಗತಿಯೇನಾಯಿತು? ಪೂರ್ವ ಇಂಗ್ಲೆಂಡಿನ ವೆಸ್ಟ್ ಸ್ಟೋ ಎಂಬಲ್ಲಿ ಸ್ಟ್ಯಾನ್ಲಿ ವೆಸ್ಟ್ ಅವರು ೧೯೬೫ರಿಂದ ೧೯೭೨ರವರೆಗೆ ಅಂತಹ ಹಲವಾರು ಗುಂಡಿಗಳುಳ್ಳ ಒಂದು ಇಡೀ ಹಳ್ಳಿಯನ್ನು ಅಗೆದರು. ಗುಂಡಿಯ ಮೇಲೆ ಹಲಗೆಯ ನೆಲ ಹಾಸಿದ್ದಿರಬೇಕು, ಗುಂಡಿಯು ಅದರ ಕೆಳಗಿನ ಟೊಳ್ಳು ಮಾತ್ರ ಎಂದು ಅವರು ವಾದಿಸಿದರು. ಈ ಮಾತನ್ನು ಪರೀಕ್ಷಿಸಲು ಅದೇ ಜಾಗದಲ್ಲಿ ಹಳೆಯ ರೀತಿಯ ಮರದ ಮನೆಗಳನ್ನು ಕಟ್ಟಿ ನೋಡುವ ಪ್ರಯೋಗ ೧೯೭೦ರ ದಶಕದಲ್ಲಿ ಆರಂಭವಾಯಿತು. ೨೦೦೫ರಲ್ಲಿ ಆ ಮನೆಗಳಲ್ಲೊಂದು ಸುಟ್ಟುಹೋಯಿತು. ಪುರಾತತ್ತ್ವಜ್ಞರು ಅದನ್ನೂ ಬಿಡದೆ, ಸುಟ್ಟ ಮರದ ಮನೆಯು ನೆಲದಲ್ಲಿ ಎಂತಹ ಗುರುತುಗಳನ್ನು ಉಳಿಸುತ್ತದೆಂದು ತಿಳಿಯಲು ಆ ಬೂದಿಯನ್ನು ಹಳೆಯ ನೆಲೆಯಂತೆಯೇ ಪದರಪದರವಾಗಿ ಅಗೆದು ವರದಿ ಬರೆದರು.

ಇನ್ನು ಸಟನ್ ಕೋರ್ಟ್‌ನಿ. ಲೀಡ್ಸ್ ಅವರು ಗುಂಡಿಮನೆಗಳನ್ನಷ್ಟೇ ಕಂಡ ಆ ಹಳ್ಳಿಯ ಸಮೀಪದಲ್ಲಿಯೇ, ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಬಹುದೊಡ್ಡ ಮರದ ಭವನಗಳ ಗೆರೆಗಳು ಗೋಚರಿಸಿದುವು. ೨೦೦೯ರಲ್ಲಿ ನಡೆದ ಅಗೆತವು ಅದನ್ನು ದೃಢಪಡಿಸಿತು. ಅವು ಯೆವರಿಂಗಿನ ಭವನಗಳಿಗೆ ಯಾವುದರಲ್ಲಿಯೂ ಕಡಮೆಯವಲ್ಲ. ಬೀಡ್ ಹೆಸರಿಸಿದ ಇನ್ನೊಂದು ರಾಜನಿವಾಸವಾದ ರೆಂಡಲ್‌ಷಾಮ್‌ನಲ್ಲಿ ೨೦೨೨ರಲ್ಲಿ ೨೩ ಮೀಟರ್ ಉದ್ದ ೧೦ ಮೀಟರ್ ಅಗಲದ ಭವನದ ಪಾಯ ಬೆಳಕಿಗೆ ಬಂದಿತು.

ಯೆವರಿಂಗಿನ ನೆಲ ಗಣಿಗೆ ಬಲಿಯಾಗದೆ ಉಳಿದುಕೊಂಡಿತು. ಹೋಪ್-ಟೇಲರರು ೨೦೦೧ರಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ಇಲ್ಲದಿದ್ದ ಪರೀಕ್ಷೆಗಳು ಈಗ ಬಂದಿವೆ: ಇದ್ದಿಲಿನ ಒಂದು ಚೂರಿನಿಂದ ಕಾಲವನ್ನು ಮೊದಲಿಗಿಂತ ಖಚಿತವಾಗಿ ಕಂಡುಹಿಡಿಯಬಹುದು, ಮಣ್ಣಿನ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಲ್ಲಿ ದನ ಕೂಡಿದ್ದರೋ, ಜನ ನೆರೆದಿದ್ದರೋ ಎಂದು ವಿಚಾರಿಸಬಹುದು. ಆದುದರಿಂದ ೨೦೨೧ರಲ್ಲಿ ಡರ್ಹಮ್ ವಿಶ್ವವಿದ್ಯಾನಿಲಯದವರು ಗೆಫ್ರಿನ್ ಟ್ರಸ್ಟಿನೊಡನೆ ಕೂಡಿ ಅಲ್ಲಿ ಮತ್ತೆ ಅಗೆತವನ್ನು ಕೈಗೊಂಡರು. ಅವರು ಹೊಲವನ್ನೆಲ್ಲ ತೆರೆಯಲಿಲ್ಲ. ತಮ್ಮ ಪ್ರಶ್ನೆಗಳಿಗೆ ಬೇಕಾದಷ್ಟು ನೆಲವನ್ನು ತೆರೆದು, ಮಾದರಿಗಳನ್ನು ಸಂಗ್ರಹಿಸಿ, ಉಳಿದುದನ್ನು ಹುಲ್ಲಿನ ಕೆಳಗೆ ಹಾಗೆಯೇ ಬಿಟ್ಟಿದ್ದಾರೆ.